ಬೆಂಚಿನ ಕಾಲಡಿ ಏನಿದೆ ಅಂತ ಬರೆಯಿರಿ

ಪ್ರಿಯರೇ,

ಬಡಾವಣೆಯ ಪಾರ್ಕಿನಲ್ಲಿ ಕಬ್ಬಿಣದ ಬೆಂಚು ಕೂರಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಮೂರನೇ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

"ಗಟ್ಟಿ ನೆಲದಲ್ಲಿ ತೂತು ಕೊರೆದು ಆಂಕರ್ ಬೋಲ್ಟ್ ಬಿಗಿಯಿರಿ" ಎಂದು ಒಂದೇ ಸಾಲು ಬರೆದು ಬಣ್ಣದ ವಿಚಾರಕ್ಕೆ ಹೋಗಿಬಿಟ್ಟಿದ್ದೀರಿ.

ಯಾವ ಗಟ್ಟಿ ನೆಲ? ಎಷ್ಟೋ ಪಾರ್ಕುಗಳಲ್ಲಿ ಇರುವುದು ಇಂಟರ್‌ಲಾಕ್ ಟೈಲ್ಸ್. ಮೇಲೆ ಗಟ್ಟಿ, ಕೆಳಗೆ ಮರಳು. 60 ಮಿ.ಮೀ. ದಪ್ಪದ ಟೈಲ್ಸಿಗೆ ಬೋಲ್ಟ್ ಹೊಡೆದರೆ ಅದು ಹಿಡಿಯುವುದು ಆ ಒಂದು ತುಂಡನ್ನು ಮಾತ್ರ. ಜನ ಜೋರಾಗಿ ಹಿಂದಕ್ಕೆ ಒರಗಿದರೆ ಮುಂದಿನ ಕಾಲು ಮೇಲೇಳಲು ನೋಡುತ್ತದೆ, ಅಲ್ವಾ? ಆಗ ಟೈಲ್ಸ್ ಸಮೇತ ಕಿತ್ತು ಬರುತ್ತದೆ. ಕಾಲು ಬರುವ ಕಡೆ ಟೈಲ್ಸ್ ತೆಗೆದು, ಗುಂಡಿ ತೋಡಿ, ಕಾಂಕ್ರೀಟ್ ತುಂಬಿ, ಬೋಲ್ಟನ್ನು ಅದಕ್ಕೆ ಕೊಡಬೇಕು. ಹೊಸ ಕಾಂಕ್ರೀಟಿನ ಪೂರ್ತಿ ಬಲಕ್ಕೆ 28 ದಿನದ ಲೆಕ್ಕ. ಅದನ್ನೂ ಹೇಳಿ.

ಇನ್ನು "ತೂತು ಕೊರೆದು". ಎಷ್ಟು ದಪ್ಪ, ಎಷ್ಟು ಆಳ? 10 ಮಿ.ಮೀ. ವೆಡ್ಜ್ ಆಂಕರಿಗೆ, ಅಂದರೆ ಬಿಗಿದಾಗ ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟಿಗೆ, 10 ಮಿ.ಮೀ. ಡ್ರಿಲ್ ಬಿಟ್ ಬೇಕು. ತೂತು ಅಂಚಿಗೆ ತೀರಾ ಹತ್ತಿರ ಬಂದರೆ ಬೋಲ್ಟ್ ಒಳಗೆ ಹಿಗ್ಗುವಾಗ ಕಾಂಕ್ರೀಟ್ ಸೀಳುತ್ತದೆ. ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಕೊರೆದ ಮೇಲೆ ತೂತಿನೊಳಗೆ ಉಳಿಯುವ ಧೂಳು. ನಿಮ್ಮ ಲೇಖನದಲ್ಲಿ ಆ ಮಾತೇ ಇಲ್ಲ. ಬ್ರಷ್ ಹಾಕಿ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ ಊದಬೇಕು. ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಆದರಂತೂ ಧೂಳು ಉಳಿದರೆ ಅಂಟು ಧೂಳಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಸಂಪಾದಕರೊಬ್ಬರಿದ್ದರು. ಮಾಡಿ, ಹಾಕಿ, ಬಿಗಿಯಿರಿ ಅಂತ ಬರೆದ ಕಡೆಯೆಲ್ಲ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಯಾವುದರಿಂದ? ಎಷ್ಟು?" ಎಂದು ಬರೆದು ಪುಟ ವಾಪಸ್ ಕೊಡುತ್ತಿದ್ದರು. ಉತ್ತರ ಮೇಜಿನ ಮುಂದೆ ಸಿಗುತ್ತಿರಲಿಲ್ಲ. ವೆಲ್ಡಿಂಗ್ ಶಾಪಿಗೆ, ಮೇಸ್ತ್ರಿಗಳ ಹತ್ತಿರಕ್ಕೆ ಹೋಗಿ ನಿಂತು ನೋಡಿಕೊಂಡು ಬರುತ್ತಿದ್ದೆ. ನನಗೆ ಬರೆಯಲು ಕಲಿಸಿದ್ದು ಆ ಓಡಾಟವೇ.

ನೀವೂ ಬೆಂಚು ಕೂರಿಸುವ ಒಬ್ಬ ಫಿಟ್ಟರ್ ಜೊತೆ ಅರ್ಧ ದಿನ ಇದ್ದು ಬನ್ನಿ. ಮೂರನೇ ಪ್ಯಾರಾ ಒಂದೂವರೆ ಪುಟ ಆದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ. ಬಣ್ಣದ ಭಾಗ ಬಿಟ್ಟುಬಿಡಿ.