ರಾಗಿ ಸರಿ ಯಾಕೆ ಗಟ್ಟಿಯಾಗುತ್ತೆ?

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಮೊಳಕೆ ಕಟ್ಟಿ ಮಾಡಿದ ಹಿಟ್ಟಿನ ಸರಿಯೂ ಮುದ್ದೆಯ ಹಾಗೆ ಗಟ್ಟಿಯಾಗುತ್ತದೆ. ನೀರು ಹೆಚ್ಚಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ನೀರೇ. ಮಳೆಗಾಲದಲ್ಲಿ ಹಿಟ್ಟಿಗೆ ಮುಗ್ಗಲು ವಾಸನೆ ಬೇರೆ. (ಸಕಲೇಶಪುರ)

ಉತ್ತರ: ಮೊಳಕೆಯಲ್ಲಿ ತಪ್ಪಿಲ್ಲ, ಬೆಂಕಿಯಲ್ಲಿದೆ. ಕಾಳು ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಸರಿ ತೆಳ್ಳಗಾಗುವುದು ಅದರಿಂದಲೇ. ಘಮ್ಮೆನ್ನುವ ತನಕ ಕೆಂಪಗೆ ಹುರಿದರೆ ಕಿಣ್ವ ಕೆಡುತ್ತದೆ. ಕುದಿಯುವ ನೀರಿಗೆ ಹಿಟ್ಟು ಸುರಿದರೂ ಅದೇ ಗತಿ.

1 ಕೆ.ಜಿ. ರಾಗಿಯನ್ನು ಕಲ್ಲು ತೆಗೆದು, ತೊಳೆದು, 12 ಗಂಟೆ ನೆನೆಸಿ. ನಡುವೆ ಒಮ್ಮೆ ನೀರು ಬದಲಿಸಿ. ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಬಟ್ಟೆ ಒಣಗದಂತೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು, ನಿಮ್ಮೂರ ಚಳಿಗೆ ಎರಡು ದಿನ ಬೇಕು. ಮೊಳಕೆ ಅರ್ಧ ಸೆಂ.ಮೀ. ಆದರೆ ಬಿಚ್ಚಿ ಒಣಗಿಸಿ. ಹಲ್ಲಿಗಿಟ್ಟರೆ ಕಟಕ್ ಎನ್ನಬೇಕು. ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಇಲ್ಲದಿದ್ದರೆ ಕಹಿ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ, ಕಾಳಿನ ಬಣ್ಣ ತಿರುಗುವ ಮೊದಲೇ ಇಳಿಸಿ ಬೀಸಿ.

ಎರಡು ಟೇಬಲ್ ಚಮಚ ಹಿಟ್ಟನ್ನು 150 ಮಿ.ಲೀ. ತಣ್ಣೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿ. ಕಿಣ್ವ ಕೆಲಸ ಮಾಡುವುದು ಈ ನಿಧಾನದಲ್ಲೇ. ಕೊನೆಗೆ ಮೂರ್ನಾಲ್ಕು ನಿಮಿಷ ಕುದಿಸಲೇಬೇಕು, ಯಾಕೆಂದರೆ ಮೊಳಕೆಯ ತೇವದಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ. ಮೂರು ಪಾಲು ರಾಗಿಗೆ ಒಂದು ಪಾಲು ಹೆಸರುಬೇಳೆ ಹಿಟ್ಟು ಸೇರಿದರೆ ಪ್ರೋಟೀನ್ ಕೊರತೆ ನೀಗುತ್ತದೆ. ಅರ್ಧ ಚಮಚ ತುಪ್ಪ ಹಾಕಿ. ಎರಡು ವರ್ಷ ತುಂಬುವವರೆಗೆ ಸಕ್ಕರೆ ಬೇಡ, ಒಂದು ವರ್ಷ ತುಂಬುವವರೆಗೆ ಜೇನು ಖಂಡಿತ ಬೇಡ.

ಮುಗ್ಗಲು ಹಿಡಿದ ಹಿಟ್ಟನ್ನು ಎಸೆಯಿರಿ. ಬೂಷ್ಟಿನ ವಿಷ ಕುದಿಸಿದರೆ ಹೋಗುವುದಿಲ್ಲ. ಜೂನ್ ಮಳೆಯಲ್ಲಿ ಅಟ್ಟದ ಮೇಲೆ ಒಣಗಿಸುವ ಸಾಹಸಕ್ಕಿಂತ ಏಪ್ರಿಲ್ ಬಿಸಿಲಲ್ಲಿ ಮಾಡಿಡುವುದು ಮೇಲು. ಮಗುವಿನ ತೂಕವನ್ನು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ನೋಡಿಸಿ. ಏರದಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗಳು ಗೃಹ ವಿಜ್ಞಾನ ಓದುತ್ತೇನೆನ್ನುತ್ತಾಳೆ. ಅಡುಗೆ ಕಲಿಯಲು ಕಾಲೇಜು ಬೇಕೇ? (ಅರಸೀಕೆರೆ)

ಉತ್ತರ: ಮೇಲಿನ ಉತ್ತರ ಓದಿ. ಅದರಲ್ಲಿರುವುದು ಗೃಹ ವಿಜ್ಞಾನವೇ. ಆಹಾರ ಮತ್ತು ಪೋಷಣೆಯ ಜೊತೆಗೆ ಮಾನವ ವಿಕಾಸ (ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆ), ಜವಳಿ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ (ಈ ತಿಳಿವಳಿಕೆಯನ್ನು ಜನರಿಗೆ ಮುಟ್ಟಿಸುವ ಕೆಲಸ) ಎಂಬ ಶಾಖೆಗಳಿವೆ. ಜೀವರಸಾಯನ ಶಾಸ್ತ್ರವಂತೂ ತಪ್ಪದು. ಹಾಸನದಲ್ಲೇ ಸರ್ಕಾರಿ ಗೃಹ ವಿಜ್ಞಾನ ಕಾಲೇಜಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯಕ್ಕೆ ಈಗ ಸಮುದಾಯ ವಿಜ್ಞಾನ ಎನ್ನುತ್ತಾರೆ. ಹಳೆಯ ಹೆಸರಿನಿಂದಲೇ ನಿಮ್ಮಂಥವರಿಗೆ ಈ ಅನುಮಾನ ಬರುವುದು! ಒಂದು ಮಾತು: ನೋಂದಾಯಿತ ಡಯಟೀಷಿಯನ್ (ಪಥ್ಯಾಹಾರ ತಜ್ಞೆ) ಆಗಲು ಬಿ.ಎಸ್ಸಿ. ಒಂದೇ ಸಾಲದು. ಸ್ನಾತಕೋತ್ತರ ಓದು, ಆಸ್ಪತ್ರೆಯಲ್ಲಿ ಆರು ತಿಂಗಳ ತರಬೇತಿ, ಆಮೇಲೆ ಪರೀಕ್ಷೆ. ಆ ಲೆಕ್ಕ ಹಾಕಿಕೊಂಡೇ ಸೇರಿಸಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬಹುದೇ? (ಮೂಡಿಗೆರೆ)

ಉತ್ತರ: ಬೇಡ. ಕಾಫಿ, ಟೀ ಎರಡೂ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಾತ್ರೆಯ ಮೇಲೆ ಎರಡು ಗಂಟೆ ಕಾಫಿ ಮುಟ್ಟಬೇಡಿ. ನಿಂಬೆ ಪಾನಕದ ಜೊತೆ ನುಂಗಿದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಮಲ ಕಪ್ಪಾದರೆ ಗಾಬರಿಯಾಗಿ ನಿಲ್ಲಿಸಬೇಡಿ, ಅದು ಕಬ್ಬಿಣದ ಬಣ್ಣ.