ಪ್ರತಿಕ್ರಿಯೆ: ಕಾರಿನ ಮೂರು ಕ್ಯಾಮೆರಾಗಳ ದೃಶ್ಯ ಹೊಂದಿಸುವುದು

ಮುಂಗಾಜಿನ ಕ್ಯಾಮೆರಾ, ಚಾಲಕನತ್ತ ತಿರುಗಿಸಿದ ಕ್ಯಾಮೆರಾ ಮತ್ತು ಹಿಂದಿನ ಸೀಟಿನ ಮೊಬೈಲ್, ಈ ಮೂರರ ದೃಶ್ಯಗಳು ಆರಂಭದಲ್ಲಿ ಸರಿಯಾಗಿ ಕೂತರೂ ಇಪ್ಪತ್ತು ನಿಮಿಷಗಳ ಹೊತ್ತಿಗೆ ಒಂದು ಸೆಕೆಂಡಿಗೂ ಹೆಚ್ಚು ಹಿಂದೆಮುಂದಾಗುವುದೇಕೆ ಎಂದು ಕೇಳಿದ್ದೀರಿ. ಮೊದಲು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದು) ನೋಡಿ: 29.97ರಲ್ಲಿ ಚಿತ್ರಿಸಿದ ಕಡತವನ್ನು ಸಂಕಲನ ತಂತ್ರಾಂಶವು 30 ಎಂದು ಓದಿದರೆ ಸಾವಿರ ಸೆಕೆಂಡಿಗೆ ಒಂದು ಸೆಕೆಂಡಿನ ವ್ಯತ್ಯಾಸ ಬರುತ್ತದೆ, ನಿಮ್ಮ ಲೆಕ್ಕಕ್ಕೆ ಅದು ಹೊಂದುತ್ತದೆ. ಮೊಬೈಲುಗಳು ಸಾಮಾನ್ಯವಾಗಿ ಬದಲಾಗುವ ಫ್ರೇಮ್ ರೇಟಿನಲ್ಲಿ ಚಿತ್ರಿಸುವುದರಿಂದ ಆ ಕಡತವನ್ನು ಹ್ಯಾಂಡ್‌ಬ್ರೇಕ್‌ನಲ್ಲಿ (ಕಾರಿನದಲ್ಲ, ತಂತ್ರಾಂಶ!) ಸ್ಥಿರ ಫ್ರೇಮ್ ರೇಟಿಗೆ ಪರಿವರ್ತಿಸಿಕೊಂಡು, ಆಮೇಲೆ ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದಲ್ಲಿ ಧ್ವನಿ ತರಂಗಗಳ ಆಧಾರದಿಂದ ಹೊಂದಿಸುವುದು ಲೇಸು. ಎಂಜಿನ್ನಿನ ಏಕತಾನದ ಸದ್ದು ಇದಕ್ಕೆ ಸಾಲದು. ಆದ್ದರಿಂದ ಗಾಡಿ ನಿಂತಿರುವಾಗ, ಚಿತ್ರೀಕರಣದ ಆರಂಭದಲ್ಲಷ್ಟೇ ಅಲ್ಲದೆ ಕೊನೆಯಲ್ಲೂ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ; ಎರಡೂ ತುದಿಗಳಲ್ಲಿ ದೃಶ್ಯಗಳು ಹೊಂದಿವೆಯೇ ಎಂದು ಆ ಸದ್ದಿನಿಂದ ನೋಡಬಹುದು.