ಎಚ್‌ಎಚ್‌ಓ ಕಿಟ್: ಫ್ಯೂಸ್ ಸುಡುವುದು, ಮೈಲೇಜ್ ಏರದಿರುವುದು

ನಿಮ್ಮ ವಾಹನಕ್ಕೆ ಎಚ್‌ಎಚ್‌ಓ ಕಿಟ್ (ಕರೆಂಟ್‌ನಿಂದ ನೀರು ಒಡೆದು, ಬಂದ ಹೈಡ್ರೋಜನ್-ಆಕ್ಸಿಜನ್ ಅನಿಲವನ್ನು ಎಂಜಿನ್‌ಗೆ ಬಿಡುವ ಸಾಧನ) ಹಾಕಿದ ಮೇಲೆ ಫ್ಯೂಸ್ ಸುಡುತ್ತಿದೆ, ಮೈಲೇಜೂ ಏರಿಲ್ಲ ಎಂದು ಕೇಳಿದ್ದೀರಿ. ಅರ್ಧ ಗಂಟೆ ಓಡಿದ ಮೇಲೇ ಫ್ಯೂಸ್ ಹೋಗುತ್ತದೆ ಎಂದರೆ, ಕಿಟ್‌ನ ನೀರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ನೀರಿನಲ್ಲಿ ಕರೆಂಟ್ ಹರಿಯಲೆಂದು ಹಾಕುವ ಕ್ಷಾರ) ಜಾಸ್ತಿ ಬಿದ್ದಿರಬೇಕು. ದ್ರಾವಣ ಬಿಸಿಯಾದಂತೆ ಕರೆಂಟ್ ಹೆಚ್ಚು ಹರಿಯುತ್ತದೆ, ಅದರಿಂದ ಇನ್ನೂ ಬಿಸಿಯಾಗುತ್ತದೆ. ದಯವಿಟ್ಟು ದೊಡ್ಡ ಫ್ಯೂಸ್ ಹಾಕಬೇಡಿ, ವೈರ್ ಹೊತ್ತಿಕೊಳ್ಳಬಹುದು.

ಎಂಜಿನ್ ನಿಲ್ಲಿಸಿ, ಕಿಟ್ ತಣ್ಣಗಾಗಲಿ. ಹತ್ತಿರ ಕಿಡಿ ಬೇಡ. ಕೈಗವಸು, ಕನ್ನಡಕ ಹಾಕಿಕೊಂಡು ಸ್ವಲ್ಪ ದ್ರಾವಣ ತೆಗೆದು, ಅಷ್ಟೇ ಡಿಸ್ಟಿಲ್ಡ್ ವಾಟರ್ ತುಂಬಿ. ಆಮೇಲೆ ಕ್ಲಾಂಪ್ ಮೀಟರ್‌ನಲ್ಲಿ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಅರ್ಧ ಗಂಟೆ ಕರೆಂಟ್ ನೋಡಿ. ಆಗಲೂ ಏರುತ್ತಿದ್ದರೆ ಕರೆಂಟ್ ಮಿತಿಯಲ್ಲಿಡುವ ಕಂಟ್ರೋಲರ್ ಬೇಕಾಗಬಹುದು.

ಮೈಲೇಜ್ ಏರಿಲ್ಲ ಅಂದಿರಲ್ವಾ, ಅದು ನಿಮ್ಮ ತಪ್ಪಲ್ಲ. ನೀರು ಒಡೆಯುವ ಕರೆಂಟ್ ಬರುವುದು ಆಲ್ಟರ್ನೇಟರ್‌ನಿಂದ (ಎಂಜಿನ್‌ನ ಬಲದಿಂದ ತಿರುಗಿ ಕರೆಂಟ್ ಕೊಡುವ ಯಂತ್ರ), ಅಂದರೆ ನಿಮ್ಮ ಪೆಟ್ರೋಲ್‌ನಿಂದಲೇ. ಉದಾಹರಣೆಗೆ, 12 ವೋಲ್ಟ್‌ನಲ್ಲಿ 20 ಆಂಪಿಯರ್ ಎಂದರೆ 240 ವ್ಯಾಟ್. ಸಿಕ್ಕ ಹೈಡ್ರೋಜನ್ ಉರಿದರೂ ಅಷ್ಟು ಶಕ್ತಿ ವಾಪಸ್ ಬರುವುದಿಲ್ಲ. ನಾನಾಗಿದ್ದರೆ ಕಿಟ್ ಬಿಚ್ಚಿಬಿಡುತ್ತಿದ್ದೆ.